ತಂಬೂರಿ ಕಟ್ಟಲು ಪ್ಯೂರ್ ಡೇಟಾ, ಮ್ಯಾಕ್ಸ್, ವಿಸಿವಿ ರ್‍ಯಾಕ್: ನನ್ನ ಓಟು ಪ್ಯೂರ್ ಡೇಟಾಗೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರಿನಲ್ಲಿ ದನಿ ಕಟ್ಟುವ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ನನಗೆ ಒಗ್ಗಿದ್ದು ಪ್ಯೂರ್ ಡೇಟಾ. ಅದಕ್ಕೆ ಅರ್ಧ ಕಾರಣ ನನ್ನ ಲ್ಯಾಪ್‌ಟಾಪ್. ಹುಬ್ಬಳ್ಳಿಯ ಕೊಪ್ಪಿಕರ್ ರೋಡ್ ಹತ್ತಿರದ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು, 4 ಜಿಬಿ ರ್‍ಯಾಮ್, ಒಳಗೆ ಲಿನಕ್ಸ್. ಕೊಟ್ಟ ದುಡ್ಡಿಗೆ ಒಳ್ಳೆಯ ಮಾಲೇ ಸಿಕ್ಕಿತು. ಅದರ ಮೇಲೆ ಏನು ಓಡುತ್ತದೋ ಅದೇ ನನಗೆ ಲೆಕ್ಕ.

ಬೇಕಾಗಿದ್ದು ಒಂದು ತಂಬೂರಿ. ಧಾರವಾಡದಲ್ಲಿ ಹಾಡು ಕಲಿಯುವವರ ಫೋನಿನಲ್ಲಿ ತಂಬೂರಿ ಆ್ಯಪ್ ಇದ್ದೇ ಇರುತ್ತದೆ. ಆದರೆ ಅದು ಕೊಟ್ಟ ದನಿಗೆ ಹಾಡುವುದು ಬೇರೆ, ಆ ದನಿ ಹೇಗೆ ಹುಟ್ಟುತ್ತದೆ ಅಂತ ಕೈಯಾರೆ ಕಟ್ಟಿ ನೋಡುವುದು ಬೇರೆ. ನಾನು ಪ್ರೋಗ್ರಾಮಿಂಗ್ ಓದಿದವನಲ್ಲ. ಈ ಮೂರರಲ್ಲೂ ಕೋಡ್ ಬರೆಯುವ ಕೆಲಸವಿಲ್ಲ. ಪರದೆ ಮೇಲೆ ಬಾಕ್ಸ್ ಇಡುವುದು, ಒಂದರಿಂದ ಇನ್ನೊಂದಕ್ಕೆ ವೈರ್ ಎಳೆಯುವುದು, ಅಷ್ಟೇ. ಹೀಗೆ ಕಟ್ಟಿದ್ದಕ್ಕೆ ಪ್ಯಾಚ್ ಅನ್ನುತ್ತಾರೆ.

ಮ್ಯಾಕ್ಸ್ ಮತ್ತು ಪ್ಯೂರ್ ಡೇಟಾ ಎರಡಕ್ಕೂ ಮೂಲ ಒಬ್ಬರೇ, ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಕ್ಸ್ ಬರೆದರು, 1990ರ ದಶಕದಲ್ಲಿ ಪ್ಯೂರ್ ಡೇಟಾ. ಮ್ಯಾಕ್ಸ್ ಈಗ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. ಅದನ್ನು ಮಾಡುವ ಸೈಕ್ಲಿಂಗ್ 74 ಕಂಪನಿಯನ್ನು 2017ರಲ್ಲಿ, ಲೈವ್ ಎಂಬ ಸಂಗೀತ ಸಾಫ್ಟ್‌ವೇರ್ ಮಾಡುವ ಏಬಲ್ಟನ್ ಕಂಪನಿ ಕೊಂಡಿತು. ಪ್ಯೂರ್ ಡೇಟಾ ಪೂರ್ತಿ ಉಚಿತ. ಅದೇ 2017ರಲ್ಲಿ ಬಂದ ವಿಸಿವಿ ರ್‍ಯಾಕ್‌ಗೂ ಉಚಿತ ಆವೃತ್ತಿ ಇದೆ.

ವಿಸಿವಿ ರ್‍ಯಾಕ್ ನೋಡಲು ಬಲು ಚಂದ. ನಿಜವಾದ ಸಿಂಥಸೈಜರ್ ಮುಂದೆ ಕೂತ ಹಾಗೆ ಗುಬುಟು ತಿರುಗಿಸಬಹುದು, ಬಣ್ಣಬಣ್ಣದ ಕೇಬಲ್ ಎಳೆಯಬಹುದು. ಮೊದಲ ಸಂಜೆಯೇ ದನಿ ಬರುತ್ತದೆ. ಆದರೆ ಅದರ ಗ್ರಾಫಿಕ್ಸ್ ಭಾರಕ್ಕೆ ನನ್ನ ಲ್ಯಾಪ್‌ಟಾಪಿನ ಫ್ಯಾನ್ ಒಂದೇ ಸಮನೆ ಕೂಗುತ್ತಿತ್ತು. ಇನ್ನೊಂದು ತೊಡಕು ಸ್ವರದ ಲೆಕ್ಕದ್ದು. ಅಲ್ಲಿ ಶ್ರುತಿಯನ್ನು ವೋಲ್ಟ್‌ನಲ್ಲಿ ಹೇಳಬೇಕು, ಒಂದು ವೋಲ್ಟ್‌ಗೆ ಒಂದು ಸಪ್ತಕ. ಪಂಚಮ ಅಂದರೆ ಷಡ್ಜದ ಒಂದೂವರೆ ಪಟ್ಟು ಅಂತ ನಮಗೆ ಗೊತ್ತು. ಅಲ್ಲಿ ಅದು 0.585 ವೋಲ್ಟ್. ಶುದ್ಧ ಗಾಂಧಾರ 0.322. ಪ್ರತಿ ಸ್ವರಕ್ಕೂ ಹೀಗೆ ಕ್ಯಾಲ್ಕುಲೇಟರ್ ಹಿಡಿದು ಕೂರುವುದು ನನಗೆ ಆಗಲಿಲ್ಲ.

ಪ್ಯೂರ್ ಡೇಟಾದಲ್ಲಿ ಸುಮ್ನೆ 1.25ರಿಂದ ಗುಣಿಸಿದರೆ ಗಾಂಧಾರ ಬಂತು. ನನ್ನ ಷಡ್ಜ ಹಾರ್ಮೋನಿಯಂನ ಕಪ್ಪು ಒಂದು, 138.6 ಹರ್ಟ್ಜ್. ಗುಣಿಸಿದರೆ 173.2. ಹಾರ್ಮೋನಿಯಂ ಈಗಿನ ಸಮ ಶ್ರುತಿಯಲ್ಲಿದ್ದರೆ, ಅಂದರೆ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದ್ದರೆ, ಅದೇ ಗಾಂಧಾರ 174.6 ಹತ್ತಿರ ಇರುತ್ತದೆ. ಎರಡನ್ನೂ ಒಟ್ಟಿಗೆ ನುಡಿಸಿ ಕೇಳಿ. ದನಿಯ ಜೋರು ಸೆಕೆಂಡಿಗೆ ಒಂದು ಸಲಕ್ಕಿಂತ ತುಸು ಜಾಸ್ತಿ ಏರಿಳಿಯುತ್ತದೆ. ಹಾರ್ಮೋನಿಯಂ ಗಾಂಧಾರ ತಂಬೂರಿಗೆ ಪೂರ್ತಿ ಕೂಡುವುದಿಲ್ಲ ಎಂದು ಹಾಡುವವರು ಹೇಳುವುದು ಇದನ್ನೇ. ಇದೊಂದು ಕೇಳಿದ್ದಕ್ಕೇ ನನಗೆ ಕಲಿತದ್ದು ಸಾರ್ಥಕ ಅನ್ನಿಸಿತು.

ಈಗ ಪ್ಯೂರ್ ಡೇಟಾ ತಲೆ ತಿಂದ ಜಾಗಕ್ಕೆ ಬರೋಣ. ಹೊಸಬರು ಅರ್ಧಕ್ಕೇ ಬಿಟ್ಟು ಹೋಗುವುದಾದರೆ ಇಲ್ಲೇ ಬಿಡುತ್ತಾರೆ.

ತಂಬೂರಿಯ ಮೊದಲ ತಂತಿ ಮಂದ್ರ ಪಂಚಮ. ಷಡ್ಜವನ್ನು 0.75ರಿಂದ ಗುಣಿಸಿದರೆ ಆಯಿತು, ಸುಮಾರು 104 ಹರ್ಟ್ಜ್. ಗುಣಾಕಾರದ ಬಾಕ್ಸಿನ ಮೇಲಂಚಿನಲ್ಲಿ ಸಂಖ್ಯೆ ಒಳಗೆ ಬರುವ ಎರಡು ಕಿಂಡಿ, ಅಂದರೆ ಇನ್‌ಲೆಟ್ ಇವೆ. ಎಡಕ್ಕೆ ಷಡ್ಜ ಕೊಟ್ಟೆ, ಬಲಕ್ಕೆ 0.75. ಚೆನ್ನಾಗಿ ನುಡಿಯಿತು. ಆಮೇಲೆ ಮಾಲಕಂಸ್‌ಗೆ ಹೊಂದಿಸಲು ಹೋದೆ. ಆ ರಾಗದಲ್ಲಿ ಪಂಚಮ ಇಲ್ಲ, ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. 0.75 ತೆಗೆದು 0.667 ಕೊಟ್ಟೆ. ದನಿ ಕದಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗ, "ಕಾಕಾ, ಇನ್ನೂ ಪಂಚಮನ ಬರಾಕತ್ತೈತಲ್ಲ" ಅಂದ.

ವಿಷಯ ಇಷ್ಟು. ಎಡಗಡೆ ಇನ್‌ಲೆಟ್ ಬಿಸಿ, ಬಲಗಡೆಯದ್ದು ತಣ್ಣಗಿನದು. ಬಲಕ್ಕೆ ಬಂದ ಸಂಖ್ಯೆಯನ್ನು ಬಾಕ್ಸ್ ಇಟ್ಟುಕೊಳ್ಳುತ್ತದೆ, ಲೆಕ್ಕ ಮಾಡುವುದಿಲ್ಲ. ಎಡಕ್ಕೆ ಏನಾದರೂ ಬಂದಾಗಲೇ ಗುಣಿಸಿ ಹೊರಗೆ ಕಳಿಸುತ್ತದೆ. ಹಾಗಾದರೆ ಸಂಖ್ಯೆ ಬದಲಾದ ಕೂಡಲೇ ಷಡ್ಜವನ್ನು ಎಡಕ್ಕೆ ಮತ್ತೆ ತಳ್ಳಿದರೆ ಸಾಕಲ್ವಾ? ಹಳೆಯ ವೈರ್ ಕಿತ್ತು, ಮೊದಲು ಷಡ್ಜ ತಳ್ಳುವ ವೈರ್, ಆಮೇಲೆ ಸಂಖ್ಯೆಯ ವೈರ್ ಎಳೆದೆವು. ಆಗ ಇನ್ನೂ ವಿಚಿತ್ರ. 0.667 ಕೊಟ್ಟರೆ ಪಂಚಮ, ಮತ್ತೆ 0.75 ಕೊಟ್ಟರೆ ಮಧ್ಯಮ! ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಕಾರಣ ಪರದೆಯಲ್ಲಿ ಕಾಣುವುದೇ ಇಲ್ಲ. ಬಾಕ್ಸಿನಿಂದ ಸಂದೇಶ ಹೊರಹೋಗುವ ಕಿಂಡಿ ಔಟ್‌ಲೆಟ್. ಒಂದೇ ಔಟ್‌ಲೆಟ್‌ನಿಂದ ಎರಡು ವೈರ್ ಹೊರಟರೆ, ಮೊದಲು ಎಳೆದ ವೈರಿನಲ್ಲಿ ಸಂದೇಶ ಮೊದಲು ಹೋಗುತ್ತದೆ. ಷಡ್ಜ ತಳ್ಳುವ ವೈರ್ ಮುಂಚೆ ಎಳೆದಿದ್ದರೆ, ಹೊಸ ಸಂಖ್ಯೆ ಬಾಕ್ಸ್ ಸೇರುವ ಮೊದಲೇ ಹಳೆಯದರಿಂದ ಗುಣಾಕಾರ ಮುಗಿದಿರುತ್ತದೆ. ನೋಡಲು ಒಂದೇ ಥರ ಇರುವ ಎರಡು ಪ್ಯಾಚ್, ನಡೆಯುವುದು ಬೇರೆ ಬೇರೆ ಥರ.

ಇದಕ್ಕೆ ಮದ್ದು ಟ್ರಿಗರ್ ಬಾಕ್ಸ್. ಬಾಕ್ಸಿನಲ್ಲಿ ಟಿ, ಬಿ, ಎಫ್ ಅಂತ ನಡುವೆ ಜಾಗ ಬಿಟ್ಟು ಟೈಪ್ ಮಾಡಿದರೆ ಎರಡು ಔಟ್‌ಲೆಟ್ ಬರುತ್ತವೆ. ಯಾವಾಗಲೂ ಬಲದ್ದು ಮೊದಲು, ಎಡದ್ದು ಆಮೇಲೆ. ಬಲದಿಂದ ಸಂಖ್ಯೆ ಗುಣಾಕಾರಕ್ಕೆ ಹೋಯಿತು, ಎಡದಿಂದ ಹೊರಟ ಬ್ಯಾಂಗ್, ಅಂದರೆ 'ಈಗ ಮಾಡು' ಅನ್ನುವ ಸಂದೇಶ, ಷಡ್ಜವನ್ನು ತಳ್ಳಿತು. ಮಧ್ಯಮ ಬಂತು, 92.4. ಅಂದಿನಿಂದ ಒಂದೇ ಕಡೆಯಿಂದ ಎರಡು ವೈರ್ ಹೊರಟಲ್ಲೆಲ್ಲ ಕಣ್ಣು ಮುಚ್ಚಿ ಟ್ರಿಗರ್ ಹಾಕುತ್ತೇನೆ.

ಮ್ಯಾಕ್ಸ್‌ನಲ್ಲಿ ಈ ಕಾಟ ಕಡಿಮೆ. ಅಲ್ಲಿ ಬಾಕ್ಸ್ ಎಲ್ಲಿದೆ ಅನ್ನುವುದೇ ಸರದಿ ತೀರ್ಮಾನಿಸುತ್ತದೆ, ಬಲಗಡೆ ಇದ್ದದ್ದಕ್ಕೆ ಮೊದಲು. ಕಣ್ಣಿಗೆ ಕಾಣುವ ನಿಯಮ, ಒಳ್ಳೆಯದೇ. ಆದರೆ ಪ್ಯಾಚ್ ಓರಣವಾಗಿರಲಿ ಅಂತ ಬಾಕ್ಸ್ ಅತ್ತಿತ್ತ ಸರಿಸಿದರೆ ಸರದಿಯೂ ಬದಲಾಗಬಹುದು. ಅಲ್ಲಿಯೂ ಟ್ರಿಗರ್ ಬೇಕೇ ಬೇಕು.

ಉಳಿದಂತೆ ಮ್ಯಾಕ್ಸ್ ಕಲಿಯುವವರಿಗೆ ಹೇಳಿಮಾಡಿಸಿದ್ದು. ಇನ್‌ಲೆಟ್ ಮೇಲೆ ಕರ್ಸರ್ ಇಟ್ಟರೆ ಅಲ್ಲಿ ಏನು ಬೇಕು ಎಂದು ತೋರಿಸುತ್ತದೆ. ಪಾಠಗಳೂ ಅಚ್ಚುಕಟ್ಟು. ಪ್ಯೂರ್ ಡೇಟಾದಲ್ಲಿ ಬಾಕ್ಸಿನ ಮೇಲೆ ರೈಟ್ ಕ್ಲಿಕ್ ಮಾಡಿ ಹೆಲ್ಪ್ ಒತ್ತಿದರೆ ಓಡುವ ಉದಾಹರಣೆಯೇ ತೆರೆದುಕೊಳ್ಳುತ್ತದೆ, ನನಗೆ ಅದೇ ಸಾಕಾಯಿತು. ಮ್ಯಾಕ್ಸ್ ಲಿನಕ್ಸ್ ಮೇಲೆ ಓಡುವುದಿಲ್ಲ, ಹಾಗಾಗಿ ಅಣ್ಣನ ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 30 ದಿನದ ಟ್ರಯಲ್ ಹಾಕಿ ನೋಡಿದೆ. ಟ್ರಯಲ್ ಮುಗಿದ ಮೇಲೆ ಸೇವ್ ಆಗುವುದಿಲ್ಲ. ಪೂರ್ತಿ ಲೈಸೆನ್ಸ್ ಕೊಳ್ಳಲು ಮೂವತ್ತು ಸಾವಿರಕ್ಕೂ ಜಾಸ್ತಿ. ಅಷ್ಟರಲ್ಲಿ ಒಳ್ಳೆಯ ಹಾರ್ಮೋನಿಯಂ ಬರುತ್ತದೆ. ಏಬಲ್ಟನ್ ಲೈವ್ ಸೂಟ್ ಈಗಾಗಲೇ ಕೊಂಡವರು ಮಾತ್ರ ಮ್ಯಾಕ್ಸ್ ಫಾರ್ ಲೈವ್‌ನಿಂದಲೇ ಶುರು ಮಾಡಿ, ಅದರಲ್ಲೇ ಬಂದಿರುತ್ತದೆ.

ಪ್ಯೂರ್ ಡೇಟಾ ಪರದೆ ಬಿಳಿ ಹಾಳೆ, ಕಪ್ಪು ಗೆರೆ, ಅಷ್ಟೇ. ಚಂದ ಬೇಕೆಂದರೆ ಪ್ಲಗ್‌ಡೇಟಾ ಇದೆ, ಒಳಗೆ ಅದೇ ಭಾಷೆ, ಅದೂ ಉಚಿತ. ಫೈಲ್ ಬರೀ ಪಠ್ಯ, ಕೆಲವೇ ಕೆಬಿ. ನನ್ನ ತಂಬೂರಿಯನ್ನು ಗದಗಿನಲ್ಲಿ ಹಾಡು ಕಲಿಯುತ್ತಿರುವ ತಂಗಿಗೆ ವಾಟ್ಸಾಪಿನಲ್ಲೇ ಕಳಿಸಿದೆ. ಅವಳು ಷಡ್ಜದ ಸಂಖ್ಯೆ ಒಂದನ್ನೇ ಬದಲಿಸಿ ತನ್ನ ಶ್ರುತಿಗೆ ತಂದುಕೊಂಡಳು.

ಶುರು ಮಾಡುವವರು ಒಂದು ನೆನಪಿಡಿ. ದನಿ ಹುಟ್ಟಿಸುವ ಆಸಿಲೇಟರ್ ಬಾಕ್ಸ್ ಪೂರ್ತಿ ಜೋರಿನ ದನಿಯನ್ನೇ ಕೊಡುತ್ತದೆ, ನಾಲ್ಕು ತಂತಿ ಕೂಡಿದರೆ ನಾಲ್ಕು ಪಟ್ಟು. ಸ್ಪೀಕರಿಗೆ ಹೋಗುವ ಬಾಕ್ಸಿಗೆ ಮುಂಚೆ 0.1ರಿಂದ ಗುಣಿಸಿ, ಆಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ.