ರಾಮ ನಾಯಕರ ಬೋರ್ಡಿಂಗ್: ದೊಡ್ಡಮ್ಮ ಒಪ್ಪಿದ ಊಟ

ಹೊರಗಿನ ಊಟ ಅಂದರೆ ನಮ್ಮ ದೊಡ್ಡಮ್ಮನಿಗೆ ಆಗುತ್ತಿರಲಿಲ್ಲ. ಮದುವೆಮನೆಯಲ್ಲೂ ಮೊದಲು ಅಡುಗೆ ಭಟ್ಟರ ಉಗುರು ನೋಡುವವಳು. ಇಡೀ ಮುಂಬಯಿಯಲ್ಲಿ ಅವಳು ಒಪ್ಪಿದ ಜಾಗ ಒಂದೇ, ಮಾಟುಂಗದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್ ಹತ್ತಿರ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿ. 1942ರಲ್ಲಿ ಎ. ರಾಮ ನಾಯಕರು ಶುರು ಮಾಡಿದ್ದು. ಬೋರ್ಡಿನ ಮೇಲೆ ಏನೇ ಇರಲಿ, ಜನರ ಬಾಯಲ್ಲಿ ಅದು 'ರಾಮ ನಾಯಕ್' ಅಷ್ಟೇ.

ಇಲ್ಲಿ ಗಿರಾಕಿಗಳು ಅಡುಗೆಮನೆಗೆ ಹೋಗಿ ನೋಡಬಹುದು. ಬೇರೆಯವರು ಸುಮ್ನೆ ಇಣುಕಿ ಬರುತ್ತಾರೆ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನುಗ್ಗಿ, ಪಾತ್ರೆಗಳ ತಳ ತಿರುಗಿಸಿ ನೋಡಿದಳಂತೆ. ಇದು ಅಪ್ಪ ಹೇಳುವ ಕಥೆ. ಅಮ್ಮ ಒಪ್ಪುವುದಿಲ್ಲ. "ಅಕ್ಕ ತಳ ಗಿಳ ಏನೂ ನೋಡಿಲ್ಲ. ಹುಳಿಗೆ ಕೊತ್ತಂಬರಿ ಇನ್ನೂ ಸ್ವಲ್ಪ ಹುರೀಬೇಕು ಅಂತ ಹೇಳಿ ಬಂದಳು." ಆಗ ಭಟ್ಟರು ಏನಂದರು? ಅಪ್ಪನ ಕಥೆಯಲ್ಲಿ ಕೈ ಮುಗಿದರು. ಅಮ್ಮನ ಕಥೆಯಲ್ಲಿ ಸೌಟನ್ನೇ ಅವಳ ಕೈಗೆ ಕೊಟ್ಟರು. ನಾನು ಅಮ್ಮನ ಕಡೆ.

ಇನ್ನೊಂದು ಹೋಟೆಲಿನಲ್ಲಿ, ಹೆಸರು ಬೇಡ, "ಹೆಂಗಸರು ಒಳಗೆ ಫ್ಯಾಮಿಲಿ ರೂಮಿಗೆ ಹೋಗಿ" ಅಂದರಂತೆ. ದೊಡ್ಡಮ್ಮ ಗಲ್ಲಾದ ಎದುರಿನ ಮೇಜಿನಲ್ಲೇ ಕೂತು ಕಾಫಿ ಕುಡಿದಳು. ಆಮೇಲೆ ಬೇಕಂತಲೇ ಇನ್ನೊಂದು ತರಿಸಿದಳು. ದೊಡ್ಡಪ್ಪ ಪಾಪ, ಅಷ್ಟೂ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಈ ಕಥೆಯಲ್ಲಿ ಮಾತ್ರ ಅಪ್ಪ ಅಮ್ಮ ಇಬ್ಬರದೂ ಒಂದೇ ಮಾತು.

ಊಟಕ್ಕೆ ಬರೋಣ. ತಟ್ಟೆ ಊಟವೂ ಇದೆ, ಎಲೆ ಊಟವೂ ಇದೆ. ಎಲೆಯದೇ ತಗೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಸಾಕು ಅನ್ನುವ ತನಕ ಬಡಿಸುತ್ತಾರೆ. ಪಲ್ಯ ದಿನಕ್ಕೊಂದು ಥರ. ನನ್ನ ಮಟ್ಟಿಗೆ ಈ ಊಟದ ಜೀವ ಸಾರು. ಮೊದಲು ಬಟ್ಟಲಲ್ಲಿ ಹಾಕಿಸಿಕೊಂಡು ಬಿಸಿಬಿಸಿಯಾಗಿ ಕುಡಿಯಿರಿ, ಅನ್ನ ಆಮೇಲೆ. ಸಾಂಬಾರು ಉಡುಪಿ ಕಡೆಯದು, ಖಾರ ಬಯಸುವವರಿಗೆ ಸಪ್ಪೆ ಅನ್ನಿಸಬಹುದು. ಹುಬ್ಬಳ್ಳಿಯ ನನ್ನ ಗೆಳೆಯ ಒಂದು ತುತ್ತು ತಿಂದು, "ಇದರಾಗ ಖಾರ ಹಾಕೋದು ಮರೆತಾರೇನು?" ಅಂದಿದ್ದ. ಆದರೂ ಎರಡು ಸಲ ಹಾಕಿಸಿಕೊಂಡ. ಕೊನೆಗೆ ಮೊಸರನ್ನ, ಉಪ್ಪಿನಕಾಯಿ. ಸಿಹಿ ಬಿಟ್ಟರೂ ನಷ್ಟವಿಲ್ಲ.

ಕೂತು ಹರಟೆ ಹೊಡೆಯುವ ಜಾಗ ಇದಲ್ಲ. ಬಡಿಸುವವರ ಕೈ ಚುರುಕು, ಹಿಂದೆ ಕಾಯುವವರು ಇರುತ್ತಾರೆ. ಎಲೆಯಲ್ಲಿ ಬಿಡಬೇಡಿ, ಬೇಡವಾದರೆ ಮೊದಲೇ ಕೈ ಅಡ್ಡ ಹಿಡಿಯಿರಿ. ಭಾನುವಾರ ಹೋಗುವುದಾದರೆ ಬೇಗ ಹೋಗಿ.

ಮಂಡಿ ನೋವು ಇರುವವರು ಮೆಟ್ಟಿಲು ನೆನಪಿಟ್ಟುಕೊಳ್ಳಿ. ದೊಡ್ಡಮ್ಮ 80 ದಾಟಿದ ಮೇಲೂ ಹತ್ತಿದ್ದಾಳೆ. ಕೈ ಹಿಡಿಯಲು ಹೋದ ನನಗೆ, "ನನ್ನ ಕೈ ಯಾಕೆ ಹಿಡೀತೀಯಾ? ಮೇಲೆ ಹೋಗಿ ಜಾಗ ಹಿಡಿ" ಅಂದಳು.