ಸೋನಾಮಾರ್ಗದಲ್ಲಿ ಬಾಡಿಗೆಗೆ ಪಡೆದ ಮೂರು ಕುದುರೆಗಳು

ಸೋನಾಮಾರ್ಗದಿಂದ ನಾರಾನಾಗಿನವರೆಗೆ ಬೆಟ್ಟದ ಸರೋವರಗಳ ದಾರಿಯಲ್ಲಿ ನಡೆಯುವ ಕಾಶ್ಮೀರ ಗ್ರೇಟ್ ಲೇಕ್ಸ್ ಚಾರಣಕ್ಕೆ ನಮ್ಮ ಕಡೆಯಿಂದ ಹೋಗುವವರು ಚಾರಣ ಕಂಪನಿಗಳ ಗುಂಪಿನಲ್ಲಿ ಹೋಗುವುದೇ ಜಾಸ್ತಿ. ನಾವು ನಾಲ್ವರು ಗೆಳತಿಯರು 2024ರ ಆಗಸ್ಟಿನಲ್ಲಿ ನಮ್ಮದೇ ಟೆಂಟು, ನಮ್ಮದೇ ಒಲೆ ತಗೊಂಡು ಹೋದೆವು. ಹೊರೆಗೆ ಸೋನಾಮಾರ್ಗದಲ್ಲಿ ಮೂರು ಕುದುರೆ ಗೊತ್ತು ಮಾಡಿದೆವು. ಜೊತೆಗೆ ಇಬ್ಬರು ಬಂದರು. ಒಬ್ಬರು ಅರವತ್ತರ ಹತ್ತಿರದವರು, ಅವರನ್ನು ನಾವು ಚಾಚಾ ಅಂತಲೇ ಕರೆದೆವು. ಇನ್ನೊಬ್ಬ ಅವರ ಅಕ್ಕನ ಮಗ. ಏಳು ದಿನ ಅವರ ಜೊತೆ ನಡೆದ ಮೇಲೆ ಈ ಸೇವೆ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೊರಡುವ ಹಿಂದಿನ ಸಂಜೆ. ಚಾಚಾ ನಮ್ಮ ರೂಮಿಗೆ ಬಂದು ಎಲ್ಲ ಬ್ಯಾಗುಗಳನ್ನು ನೆಲದ ಮೇಲೆ ಸುರಿಯಲು ಹೇಳಿದರು. ಲಗೇಜು ತೂಗುವ ಚಿಕ್ಕ ತಕ್ಕಡಿ ನಮ್ಮ ಹತ್ತಿರ ಇತ್ತು. ಒಟ್ಟು 141 ಕೆಜಿ ಬಂತು. ನಾಳೆ ಬೇಕಾದದ್ದು ಒಂದು ಕಡೆ, ರಾತ್ರಿ ಬೇಕಾದದ್ದು ಒಂದು ಕಡೆ, ಬೇಡವೇ ಬೇಡ ಅನ್ನುವುದು ಇನ್ನೊಂದು ಕಡೆ ಅಂತ ಮೂರು ಗುಡ್ಡೆ ಮಾಡಿಸಿದರು. ಚಕ್ರದ ಸೂಟ್‌ಕೇಸು, ಎರಡನೇ ಜೀನ್ಸು, ಗಾಜಿನ ಬಾಟಲಿಯ ಉಪ್ಪಿನಕಾಯಿ, ಎಲ್ಲ ಲಾಡ್ಜಿನಲ್ಲೇ ಉಳಿದವು. ಕೊನೆಗೆ 120 ಕೆಜಿ. ಕುದುರೆಗೆ 40.

ಭಾರ ಹೊರುವ ಪ್ರಾಣಿಗಳ ಬಗ್ಗೆ 1965ರ ನಿಯಮ ಒಂದಿದೆ. ಅದರಂತೆ ತಟ್ಟು ಕುದುರೆಯ ಮೇಲೆ 70 ಕೆಜಿವರೆಗೆ ಹೇರಬಹುದು. ನಾನು ಅದನ್ನು ಹೇಳಿದಾಗ ಚಾಚಾ ಬೇಡ ಅಂತ ತಲೆಯಾಡಿಸಿದರು. ನಿಚ್‌ನಾಯ್ ಕಣಿವೆದಾರಿಯಲ್ಲಿ ಹೆಜ್ಜೆ ಇಡುವುದೇ ಕಲ್ಲಿನ ಮೇಲೆ, ಅಲ್ಲಿ 50 ದಾಟಿಸಿದರೆ ಕುದುರೆ ಕಾಲು ನಡುಗುತ್ತದೆ ಅಂದರು. ಅವರಿಬ್ಬರ ಹಿಟ್ಟು, ಕಂಬಳಿ ಸೇರಿದರೆ ಆ 50 ಹೇಗೂ ಹತ್ತಿರ ಬರುತ್ತದೆ.

ಆಮೇಲೆ ಜೋಡಿ ಮಾಡುವ ಕೆಲಸ. ಒಂದು ಕುದುರೆಯ ಎಡಕ್ಕೂ ಬಲಕ್ಕೂ ಸಮ ತೂಕ ಬರಬೇಕು. ಒಂದು ಬದಿ ಜಾಸ್ತಿಯಾದರೆ ಜೀನು ಅತ್ತ ಜಾರುತ್ತದೆ, ಬೆನ್ನು ಉಜ್ಜುತ್ತದೆ, ಎರಡನೇ ದಿನಕ್ಕೆ ಹುಣ್ಣು. ನಮ್ಮ ಊರು ಹಾವೇರಿ ಹತ್ತಿರ. ಚಿಕ್ಕವಳಿದ್ದಾಗ ಅಪ್ಪ ಚಕ್ಕಡಿಗೆ ಜೋಳದ ಚೀಲ ಹೇರುತ್ತಿದ್ದರು. ಮುಂಭಾರ ಆದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರ ಆದರೆ ನೊಗ ಮೇಲೆದ್ದು ಕುತ್ತಿಗೆ ಒತ್ತುತ್ತದೆ ಅಂತ ಎರಡೆರಡು ಸಲ ಚೀಲ ಸರಿಸುತ್ತಿದ್ದರು. ಚಾಚಾ ಅರ್ಧ ಕೆಜಿ ಬೇಳೆ ಪೊಟ್ಟಣವನ್ನು ಈ ಬ್ಯಾಗಿನಿಂದ ಆ ಬ್ಯಾಗಿಗೆ ಹಾಕಿದಾಗ ನನಗೆ ಅಪ್ಪನೇ ಕಂಡರು. ಕುಕ್ಕರ್, ಒಲೆ ಹೊರಬದಿಗೆ. ಮಲಗುವ ಚೀಲ, ಬಟ್ಟೆ ಕುದುರೆಯ ಪಕ್ಕೆಗೆ ತಾಗುವ ಬದಿಗೆ. ಹೀಗೆ ಯೋಚಿಸಿ ಬ್ಯಾಗು ತುಂಬುವುದು ನಮಗೆ ಹೊಳೆದೇ ಇರಲಿಲ್ಲ.

ಊಟದ ವಿಷಯ ಹೇಳಬೇಕು. ನಾವು ಒಯ್ದದ್ದು 60 ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹುರಿದ ರವೆ, ಹೆಸರುಬೇಳೆ, ಅವಲಕ್ಕಿ. ರೊಟ್ಟಿ ಹಗುರ, ಕೆಡುವುದಿಲ್ಲ, ಆದರೆ ಕುದುರೆ ಮೇಲೆ ಪುಡಿಯಾಗುತ್ತದೆ. ಅಗಲದ ಸ್ಟೀಲ್ ಡಬ್ಬಿಯಲ್ಲಿ, ಕೆಳಗೆ ಮೇಲೆ ಹತ್ತಿ ಟವೆಲ್ ಇಟ್ಟು ತುಂಬಿದೆವು. ಏಳನೇ ದಿನ ಒಡೆದದ್ದು ನಾಲ್ಕೇ. ಕುಕ್ಕರ್ ಮಾತ್ರ ಬಿಡಬೇಡಿ. ಸುಮಾರು 3,600 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಶ್ರೀನಗರದಲ್ಲೇ ತಗೊಳ್ಳಿ.

ಕುದುರೆಗಳಿಗೆ ಅಂತ ನಾನು ಎರಡು ಕೆಜಿ ಹುರುಳಿ ಒಯ್ದಿದ್ದೆ. ನಮ್ಮಲ್ಲಿ ಕುದುರೆಗೆ ಅದೇ ಅಲ್ವಾ? ಚಾಚಾ ಪ್ರೀತಿಯಿಂದಲೇ ಬೇಡ ಅಂದರು. ರೂಢಿ ಇಲ್ಲದ ಮೇವು ಒಮ್ಮೆಲೇ ಕೊಟ್ಟರೆ ಕುದುರೆಗೆ ಹೊಟ್ಟೆನೋವು ಬರುತ್ತದೆ, ತಿಂದದ್ದನ್ನು ವಾಂತಿ ಮಾಡಲೂ ಅದಕ್ಕೆ ಆಗುವುದಿಲ್ಲ, ಬೆಟ್ಟದ ಮೇಲೆ ವೈದ್ಯರೂ ಇಲ್ಲ. ರಾತ್ರಿಯೆಲ್ಲ ಅವು ಮುಂಗಾಲಿಗೆ ಸಡಿಲ ಹಗ್ಗ ಕಟ್ಟಿಸಿಕೊಂಡು ಹುಲ್ಲು ಮೇಯುತ್ತಿದ್ದವು. ವಿಶನ್‌ಸರ್ ಸರೋವರದ ದಂಡೆಯಲ್ಲಿ ಟೆಂಟಿನೊಳಗೆ ಮಲಗಿ ಆ ಹುಲ್ಲು ಕೀಳುವ ಸದ್ದು ಕೇಳಿದ್ದನ್ನು ಮರೆಯಲಾರೆ. ಹುರುಳಿಯನ್ನು ನಾವೇ ಬೇಯಿಸಿ ಸಾರು ಮಾಡಿದೆವು, ಚಾಚಾ ಎರಡು ಲೋಟ ಕುಡಿದರು.

ಈಗ ಕೊರತೆಗಳು. ಎರಡನೇ ದಿನ ಸುಮಾರು 4,100 ಮೀಟರಿನ ನಿಚ್‌ನಾಯ್ ದಾಟುವಾಗ ಮಳೆ ಹಿಡಿಯಿತು. ಹೊರೆ ಮುಚ್ಚುವ ಟಾರ್ಪಾಲ್ ಅವರೇ ತರುತ್ತೇವೆ ಅಂದಿದ್ದರು. ತಂದದ್ದು ಹಳೆಯದು, ಮಡಿಕೆಗಳಲ್ಲಿ ಸವೆದು ತೂತು ಬಿದ್ದಿತ್ತು. ಎರಡು ಮಲಗುವ ಚೀಲ ನೆನೆದವು. ಆ ರಾತ್ರಿ ಇಬ್ಬಿಬ್ಬರು ಒಂದೊಂದರಲ್ಲಿ ತೂರಿಕೊಂಡೆವು. ಈ ಎತ್ತರದಲ್ಲಿ ಅದು ಸಣ್ಣ ತಪ್ಪಲ್ಲ. ಮೊದಲೇ ಬಿಚ್ಚಿಸಿ ನೋಡಿ. ಒಳಗಿನ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿಯೇ ಡಫಲ್ ಬ್ಯಾಗಿಗೆ ತುಂಬಿ.

ಇನ್ನೊಂದು ಹಣದ್ದು. ಚಾರಣ ಮುಗಿಯುವುದು ನಾರಾನಾಗಿನಲ್ಲಿ, ಕುದುರೆಗಳು ಸೋನಾಮಾರ್ಗಕ್ಕೆ ಮರಳಬೇಕು. ಆ ಮೂರು ದಿನದ ಬಾಡಿಗೆಯೂ ನಮ್ಮದೇ ಅಂತ ಗೊತ್ತಾದದ್ದು ಐದನೇ ದಿನ. ಕೇಳಿದ್ದು ನ್ಯಾಯವೇ, ಖಾಲಿ ಬೆನ್ನಿನಲ್ಲಿ ನಡೆದರೂ ಅದು ಅವರ ದುಡಿಮೆಯ ದಿನ. ನಡುವೆ ನಿಂತು ಗೊತ್ತು ಮಾಡಿಕೊಟ್ಟವರು ಮೊದಲೇ ಹೇಳಬೇಕಿತ್ತು.

ಕುದುರೆಗಳು ನಮಗಿಂತ ತಡವಾಗಿ ಹೊರಟು, ಮುಂಚೆ ತಲುಪುತ್ತವೆ. ನಡುವೆ ಬ್ಯಾಗು ಕೈಗೆ ಸಿಗುವುದಿಲ್ಲ. ಮಳೆ ಜಾಕೆಟ್, ನೀರು, ಔಷಧಿ, ಆಧಾರ್ ಕಾರ್ಡು ಬೆನ್ನ ಮೇಲೆಯೇ ಇರಲಿ, ದಾರಿಯಲ್ಲಿ ಸೇನೆಯವರು ಗುರುತಿನ ಚೀಟಿ ನೋಡುತ್ತಾರೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಹೊರಡುವ ಮುಂಚೆಯೇ ಮನೆಗೆ ಹೇಳಿಡಿ.

ಕೊನೆಯ ದಿನ ಗಂಗಬಲ್ ಸರೋವರದಿಂದ ನಾರಾನಾಗಿಗೆ ಇಳಿಯುವುದು ಮಂಡಿ ಮುರಿಯುವಂಥ ಇಳಿಜಾರು. ಚಾಚಾ ಬೆಳಿಗ್ಗೆ ಎಲ್ಲ ಜೀನು ಬಿಚ್ಚಿ ಮತ್ತೆ ಕಟ್ಟಿದರು. ಇಳಿಯುವಾಗ ಹೊರೆ ಕುತ್ತಿಗೆ ಕಡೆ ಜಾರದಂತೆ ಬಾಲದ ಕೆಳಗಿನ ಪಟ್ಟಿ ಬಿಗಿ ಮಾಡಿದರು. ಕೆಳಗೆ ಹಳೇ ದೇವಸ್ಥಾನದ ಕಲ್ಲುಗಳ ಹತ್ತಿರ ಹೊರೆ ಇಳಿಸಿದ ಮೇಲೆ, ನಮ್ಮ ಹಣ ಎಣಿಸುವ ಮೊದಲು, ಮೂರೂ ಕುದುರೆಗಳ ಬೆನ್ನಿನ ಮೇಲೆ ಅಂಗೈ ಆಡಿಸಿ ನನ್ನನ್ನು ಕರೆದರು. "ನೋಡು ಬೇಟಿ," ಅಂದರು. ಬೆವರಿಗೆ ಕೂದಲು ಅಂಟಿತ್ತು. ಎಲ್ಲೂ ಗಾಯ ಇರಲಿಲ್ಲ.