ಮೂರು ಲೆಗೊ ನೌಕೆಗಳು: ಕಟ್ಟುವುದಕ್ಕೆ ಯಾವುದು, ಇಟ್ಟುಕೊಳ್ಳುವುದಕ್ಕೆ ಯಾವುದು?

ಪ್ಲಾಸ್ಟಿಕ್ ತುಣುಕು ಜೋಡಿಸಿ ಕಟ್ಟುವ ಲೆಗೊ ಬಾಹ್ಯಾಕಾಶ ನೌಕೆ ಕೊಳ್ಳಬೇಕೆಂದಿದ್ದೇನೆ ಎನ್ನುವವರು ಸಾಮಾನ್ಯವಾಗಿ ತುಣುಕುಗಳ ಲೆಕ್ಕದಿಂದ ಮಾತು ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು ಮನೆಯ ಶೋಕೇಸಿನ ಅಳತೆ. ಕಟ್ಟುವ ಕೆಲಸ ಕೆಲವು ರಾತ್ರಿಗಳಲ್ಲಿ ಮುಗಿಯುತ್ತದೆ, ಕಟ್ಟಿದ್ದನ್ನು ಬೆಂಗಳೂರಿನ ಫ್ಲಾಟಿನಲ್ಲಿ ಇಟ್ಟು ಕಾಯುವ ಕೆಲಸ ಮುಗಿಯುವುದೇ ಇಲ್ಲ. ನಮ್ಮ ಮನೆಯಲ್ಲಿರುವ ಮೂರು, ಅಂದರೆ ಅಪೊಲೊ ಸ್ಯಾಟರ್ನ್ 5 (ನಾಸಾದ ಚಂದ್ರಯಾನದ ರಾಕೆಟ್), ಡಿಸ್ಕವರಿ ಶಟಲ್ (ನಾಸಾದ ರೆಕ್ಕೆಯ ನೌಕೆ) ಮತ್ತು ಗ್ಯಾಲಕ್ಸಿ ಎಕ್ಸ್‌ಪ್ಲೋರರ್ (ಲೆಗೊದ ಕಾಲ್ಪನಿಕ ನೌಕೆ), ಈ ಎರಡು ಪರೀಕ್ಷೆಗಳಲ್ಲಿ ಒಂದೇ ಕ್ರಮದಲ್ಲಿ ಪಾಸಾಗುವುದಿಲ್ಲ.

ಕಟ್ಟುವ ಸುಖದಲ್ಲಿ ಸ್ಯಾಟರ್ನ್‌ಗೆ ಸಾಟಿಯಿಲ್ಲ. 2017ರಲ್ಲಿ ಬಂದ ಈ ಸೆಟ್ಟಿನಲ್ಲಿ 1969 ತುಣುಕುಗಳಿವೆ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷವೂ ಅದೇ. ಅಳತೆ 1:110, ಎತ್ತರ ಒಂದು ಮೀಟರ್. ಚಂದ್ರಯಾನ-3ನ್ನು ಹೊತ್ತೊಯ್ದ ಇಸ್ರೋದ ಎಲ್‌ವಿಎಂ3 ರಾಕೆಟ್ಟನ್ನು (43.5 ಮೀಟರ್) ಇದೇ ಅಳತೆಗೆ ಇಳಿಸಿದರೆ 40 ಸೆಂಟಿಮೀಟರ್ ಕೂಡ ಬರುವುದಿಲ್ಲ, ಪಕ್ಕದಲ್ಲಿ ನಿಲ್ಲಿಸಿದರೆ ಸ್ಯಾಟರ್ನ್‌ನ ಅರ್ಧ ಎತ್ತರವನ್ನೂ ಮುಟ್ಟಲಾರದು. ಸ್ಟಡ್‌ಗಳು (ತುಣುಕಿನ ಮೇಲಿನ ಗುಂಡು ಉಬ್ಬುಗಳು) ನಾಲ್ಕೂ ಬದಿಗೆ ಮುಖ ಮಾಡಿರುವ ಚೌಕಾಕಾರದ ತಿರುಳನ್ನು ಮೊದಲು ಕಟ್ಟಬೇಕು. ಅದರ ಸುತ್ತ ಬಾಗಿದ ಬಿಳಿ ಫಲಕಗಳನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದಂತೆ ಚೌಕ ಕಣ್ಣೆದುರೇ ದುಂಡಗಾಗುತ್ತದೆ. ಒಳಗಿನ ಬಣ್ಣಬಣ್ಣದ ಇಟ್ಟಿಗೆಗಳು ಮತ್ತೆ ಯಾರಿಗೂ ಕಾಣಿಸುವುದಿಲ್ಲ, ಕಟ್ಟಿದವರಿಗಷ್ಟೇ ಗೊತ್ತು. ಒಂದೇ ಬಗೆಯ ಫಲಕವನ್ನು ಮತ್ತೆ ಮತ್ತೆ ಮಾಡುವಾಗ ಬೇಸರ ಬರುವುದು ನಿಜ. ನಾನು ತುಣುಕುಗಳನ್ನು ಸ್ಟೀಲ್ ತಟ್ಟೆಗಳಲ್ಲಿ ಬೇರ್ಪಡಿಸಿಟ್ಟು, ರೇಡಿಯೊ ಹಾಕಿಕೊಂಡು ಆ ಭಾಗವನ್ನು ದಾಟಿದೆ.

ಡಿಸ್ಕವರಿ (2021, 2354 ತುಣುಕು) ಯಂತ್ರದ ಮೋಹವಿರುವವರಿಗೆ. 1990ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕವನ್ನು ಕಕ್ಷೆಗೆ ಸೇರಿಸಿದ ಯಾನದ ರೂಪ ಇದು. ಸರಕಿನ ಅಂಕಣದ ಬಾಗಿಲುಗಳು ತೆರೆಯುತ್ತವೆ, ಗಾಲಿಗಳು ಇಳಿಯುತ್ತವೆ, ಒಳಗೆ ಹಬಲ್ ಮಡಚಿಕೊಂಡು ಕೂರುತ್ತದೆ. ಮುಂದಿನ ಪುಟದಲ್ಲಿ ಏನು ಬರುತ್ತದೋ ಎಂಬ ಕುತೂಹಲ ಕೊನೆಯವರೆಗೂ ಉಳಿಯುತ್ತದೆ. ಆದರೆ ಬಾಗಿಲುಗಳ ಒಳಮೈಗೆ ಬೆಳ್ಳಿ ಬಣ್ಣದ ಸ್ಟಿಕ್ಕರ್ ಅಂಟಿಸಬೇಕು. ಬಾಗಿದ ತುಣುಕಿನ ಮೇಲೆ ಹೊಳೆಯುವ ಹಾಳೆ. ಕೂದಲೆಳೆಯಷ್ಟು ಓರೆಯಾದರೂ ದೀಪದ ಕೆಳಗೆ ಎದ್ದು ಕಾಣುತ್ತದೆ, ಬೆರಳಚ್ಚು ಉಚಿತ. ದೊಡ್ಡವರಿಗೆಂದೇ ಮಾಡಿ, ದುಬಾರಿ ಬೆಲೆಗೆ ಮಾರಿದ ಸೆಟ್ಟಿನಲ್ಲಿ ಇದು ಜಿಪುಣತನವೇ ಸರಿ. ಸ್ಯಾಟರ್ನ್ ಮತ್ತು ಎಕ್ಸ್‌ಪ್ಲೋರರ್‌ನಲ್ಲಿ ಸ್ಟಿಕ್ಕರ್ ಕಾಟವಿಲ್ಲ, ಎಲ್ಲವೂ ಮುದ್ರಿತ.

1979ರ ಹಳೆಯ ಆಟಿಕೆಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿ 2022ರಲ್ಲಿ ತಂದದ್ದು ಗ್ಯಾಲಕ್ಸಿ ಎಕ್ಸ್‌ಪ್ಲೋರರ್. 1254 ತುಣುಕು, ನೀಲಿ ಮೈ, ಹಳದಿ ಗಾಜು, ನಾಲ್ವರು ಗಗನಯಾತ್ರಿಗಳು. ಕಟ್ಟುವುದು ಸಲೀಸು, ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಹಳೆಯದರ ನೆನಪಿದ್ದವರಿಗೆ ಸಿಗುವ ರೋಮಾಂಚನ, ಅದನ್ನು ಕಂಡೇ ಇರದ ನನ್ನಂಥವರಿಗೆ ಸಿಗಲಿಲ್ಲ.

ಇಟ್ಟುಕೊಳ್ಳುವ ಮಾತಿಗೆ ಬಂದರೆ ಎಲ್ಲವೂ ತಲೆಕೆಳಗು. ನಮ್ಮ ಶೋಕೇಸಿನ ಅರೆಗಳ ನಡುವೆ ಇರುವುದು ಒಂದಡಿ ಚಿಲ್ಲರೆ. ಸ್ಯಾಟರ್ನ್ ನಿಂತರೆ ಅದಕ್ಕೆ ನೆಲವೇ ಗತಿ, ನೆಲದಲ್ಲಿದ್ದರೆ ಪೊರಕೆಯ ಭಯ. ಮಲಗಿಸಲು ಸೆಟ್ಟಿನಲ್ಲೇ ಆಸರೆಗಳಿವೆ, ಆದರೆ ಒಂದು ಮೀಟರ್ ಖಾಲಿ ಜಾಗ ಹುಡುಕಬೇಕು. ನಮ್ಮಲ್ಲಿ ಪುಸ್ತಕದ ಕಪಾಟಿನ ನೆತ್ತಿಯ ಮೇಲೆ ಸಿಕ್ಕಿತು. 54 ಸೆಂಟಿಮೀಟರ್ ಉದ್ದದ ಡಿಸ್ಕವರಿ ರೆಕ್ಕೆ ಬಿಚ್ಚಿಕೊಂಡು, ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತು, ಇಡೀ ಅರೆಯನ್ನು ನುಂಗುತ್ತದೆ. ಹಬಲ್‌ಗೆ ಬೇರೆ ಸ್ಟ್ಯಾಂಡು. ಎಕ್ಸ್‌ಪ್ಲೋರರ್‌ನ ಉದ್ದವೂ ಹೆಚ್ಚುಕಡಿಮೆ ಅಷ್ಟೇ, ಆದರೆ ತಗ್ಗು. ಸ್ಟ್ಯಾಂಡ್ ಬೇಡ, ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ನವರಾತ್ರಿಯಲ್ಲಿ ಅತ್ತೆಯವರು ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಅದಕ್ಕೊಂದು ಮೂಲೆ ಕೊಟ್ಟರು. ಪಟ್ಟದ ಗೊಂಬೆಗಳಿಗಿಂತ ಎತ್ತರ ಎಂಬ ಕಾರಣಕ್ಕೆ ಸ್ಯಾಟರ್ನ್‌ಗೆ ಪ್ರವೇಶ ಸಿಗಲಿಲ್ಲ.

ಇನ್ನು ಧೂಳು. ಮೆಟ್ರೊ ಕಾಮಗಾರಿಯ ರಸ್ತೆಯ ಪಕ್ಕದ ಮನೆಯಲ್ಲಿ ಕಿಟಕಿ ಮುಚ್ಚಿದರೂ ಅದು ಒಳಗೆ ಬರುತ್ತದೆ. ಬಿಳಿಯ ಮೇಲೆ ಬೇಗ ಕಾಣದು, ಸ್ಯಾಟರ್ನ್‌ನ ಕಪ್ಪು ಪಟ್ಟಿಗಳ ಮೇಲೆ ಮರುದಿನವೇ ಕಾಣುತ್ತದೆ. ಎಕ್ಸ್‌ಪ್ಲೋರರ್‌ನ ಹಳದಿ ಗಾಜನ್ನು ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಮೆತ್ತನೆಯ ಮೇಕಪ್ ಬ್ರಷ್ಷೇ ಒಳ್ಳೆಯದು. ಅಕ್ರಿಲಿಕ್ ಪೆಟ್ಟಿಗೆ ಮಾಡಿಸುವುದಾದರೆ ಮೀಟರ್ ಉದ್ದಕ್ಕೆ 3 ಮಿಲಿಮೀಟರ್ ಹಾಳೆ ನಡುವೆ ಬಾಗುತ್ತದೆ, 5 ಕೇಳಿ. ಅದನ್ನು ಒಣಬಟ್ಟೆಯಲ್ಲಿ ಒರೆಸಬೇಡಿ. ಸ್ಥಿರ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳನ್ನು ಸೆಳೆಯುತ್ತದೆ. ಪಡುವಣ ಕಿಟಕಿಯ ಬಿಸಿಲಂತೂ ಬೇಡವೇ ಬೇಡ. ಅತಿನೇರಳೆ ಕಿರಣಕ್ಕೆ ಬಿಳಿ ಮತ್ತು ತಿಳಿಬೂದು ಎಬಿಎಸ್ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಹಾಗಾಗಿ ಇಲ್ಲಿ ಹೆಚ್ಚು ಕಳೆದುಕೊಳ್ಳುವುದು ಸ್ಯಾಟರ್ನ್ ಮತ್ತು ಡಿಸ್ಕವರಿಯೇ.

ಬೆಲೆಯ ಬಗ್ಗೆ ಹೇಳುವುದು ಕಡಿಮೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹೊರದೇಶದ ಬೆಲೆ ನೋಡಿ ಹೊಟ್ಟೆ ಉರಿಸಿಕೊಂಡು ಫಲವಿಲ್ಲ.

ಒಂದನ್ನೇ ಕೊಳ್ಳುವುದಾದರೆ, ಸಾಮಾನ್ಯ ಶೋಕೇಸಿರುವ ಮನೆಗೆ ನಾನು ಹೇಳುವುದು ಎಕ್ಸ್‌ಪ್ಲೋರರ್. ಗಾಜಿನ ಬಾಗಿಲಿನ ಅಗಲವಾದ ಅರೆ ಇದ್ದು, ಸ್ಟಿಕ್ಕರ್ ಅಂಟಿಸುವ ತಾಳ್ಮೆಯೂ ಇದ್ದರೆ ಡಿಸ್ಕವರಿ. ಕಟ್ಟುವುದೇ ಮುಖ್ಯ, ಆಮೇಲೆ ಬಿಚ್ಚಿ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದರೂ ಪರವಾಗಿಲ್ಲ ಎನ್ನುವವರು ಸ್ಯಾಟರ್ನ್ ಹುಡುಕಿ. ಈಗ ಅದರ ತಯಾರಿಕೆ ನಿಂತಿದೆ, ಸೆಕೆಂಡ್ ಹ್ಯಾಂಡೇ ಸಿಗಬೇಕು. ಹಾಗೆ ಕೊಳ್ಳುವಾಗ ಒಂದು ಹೊರಫಲಕವನ್ನು ಬಿಚ್ಚಿಸಿ, ಅದರ ಬಿಳಿ ಬಣ್ಣವನ್ನು ಒಳಬದಿಯ ಜೊತೆಗಿಟ್ಟು ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಹಣದ ಮಾತಾಡಿ.